ಬಿಲ್ಡರ್ ಶಾಲೆ ಕಟ್ಟಿಸಲೇಬೇಕಾ?
ಇಂಗ್ಲೆಂಡ್‌ನಲ್ಲಿ ನಿಮ್ಮ ಮನೆ ಪಕ್ಕ 300 ಹೊಸ ಮನೆ ಬರುತ್ತಿವೆ, ಬಿಲ್ಡರ್ ಶಾಲೆ ಕಟ್ಟಿಸಲೇಬೇಕಲ್ವಾ ಅಂತ ಕೇಳಿದ್ದೀರಿ. ಹಾಗೇನಿಲ್ಲ. 1990ರ ಪ್ಲಾನಿಂಗ್ ಕಾಯ್ದೆಯ ಸೆಕ್ಷನ್ 106ರಲ್ಲಿ ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ) ಶಾಲೆಗಾಗಿ ಬಿಲ್ಡರ್ ಹತ್ತಿರ ದುಡ್ಡು ಕೇಳಬಹುದು, ಆದರೆ ಅದು ನಿಜಕ್ಕೂ ಬೇಕಿರಬೇಕು, ಆ ಮನೆಗಳಿಗೇ ನೇರವಾಗಿ ಸಂಬಂಧಪಟ್ಟಿರಬೇಕು, ಅಳತೆ ಮೀರಬಾರದು. ಹತ್ತಿರದ ಶಾಲೆಗಳಲ್ಲಿ ಸೀಟು ಖಾಲಿ ಇದ್ದರೆ ಬಿಲ್ಡರ್ ಕಡೆಯವರು ಅದನ್ನೇ ಹಿಡಿದುಕೊಂಡು ಚೌಕಾಸಿ ಮಾಡುತ್ತಾರೆ. ಒಂದು ಬೆಡ್‌ರೂಮಿನ ಫ್ಲ್ಯಾಟ್‌ಗಳನ್ನಂತೂ ಬಹಳ ಕಡೆ ಶಾಲೆ ಮಕ್ಕಳ ಲೆಕ್ಕಕ್ಕೇ ಹಿಡಿಯುವುದಿಲ್ಲ. ಇನ್ನೊಂದು ಕಿರಿಕಿರಿ ಏನಂದ್ರೆ, ದೊಡ್ಡ ಯೋಜನೆಗಳಲ್ಲಿ ದುಡ್ಡು ಸಾಮಾನ್ಯವಾಗಿ ಕಂತಿನಲ್ಲಿ, ಇಷ್ಟು ಮನೆಗೆ ಜನ ಬಂದಮೇಲೆ ಇಷ್ಟು ಅಂತ ಬರುತ್ತದೆ, ಹಾಗಾಗಿ ಎಷ್ಟೋ ಸಲ ಮಕ್ಕಳು ಮೊದಲು, ಕ್ಲಾಸ್‌ರೂಮ್ ಆಮೇಲೆ. ಸುಮ್ನೆ ಊಹೆ ಮಾಡಬೇಡಿ. ಕೌನ್ಸಿಲ್‌ನ ಪ್ಲಾನಿಂಗ್ ರಿಜಿಸ್ಟರ್‌ನಲ್ಲಿ (ಕಟ್ಟಡ ಅರ್ಜಿಗಳ ಸಾರ್ವಜನಿಕ ದಾಖಲೆ) ಈ ಯೋಜನೆಯ ಸೆಕ್ಷನ್ 106 ಒಪ್ಪಂದ ಹುಡುಕಿ, ಕಂತು ಯಾವಾಗ, ಖರ್ಚಾಗದಿದ್ದರೆ ಎಷ್ಟು ವರ್ಷಕ್ಕೆ ವಾಪಸ್ ಅನ್ನೋದನ್ನು ಮೊದಲು ಓದಿ.