ಆಫ್ರಿಕಾದ ಪುಟ್ಟ ಆರ್ಕಿಡ್ ವಿಜಯಪುರದಲ್ಲಿ ಬದುಕುತ್ತಾ?

ಪ್ರಶ್ನೆ: ನಮಸ್ಕಾರ ರೀ. ತಂಗಿ ಏರಾಂಗಿಸ್ ರೋಡೋಸ್ಟಿಕ್ಟಾ ಅನ್ನೋ ಪುಟ್ಟ ಆರ್ಕಿಡ್ ಕೊಟ್ಟಿದ್ದಾಳೆ. ಬಿಳಿ ಹೂವು, ನಡುವೆ ಕೆಂಪು ಚುಕ್ಕೆ. ಈಗ ಎಲೆ ಸುಕ್ಕುಗಟ್ಟಿವೆ. ಎರೆಮಣ್ಣಿನ ಕುಂಡಕ್ಕೆ ಹಾಕಿ ಬಿಸಿಲಿಗೆ ಇಡಲಾ?
- ಓದುಗರು, ವಿಜಯಪುರ

ಉತ್ತರ: ಬೇಡವೇ ಬೇಡ. ಎರೆಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ, ಬೇರು ಕೊಳೆಯುತ್ತದೆ. ಇದು ಕೀನ್ಯಾ, ತಾಂಜಾನಿಯಾ, ಇಥಿಯೋಪಿಯಾ ಕಡೆಯ ಕಾಡುಗಳಲ್ಲಿ ಮರದ ಸಣ್ಣ ರೆಂಬೆಗಳಿಗೆ ಅಂಟಿಕೊಂಡು, ನೆರಳಲ್ಲಿ, ತೇವದ ಗಾಳಿಯಲ್ಲಿ ಬೆಳೆಯುವ ಗಿಡ. ಮರದಿಂದ ಆಹಾರ ಕದಿಯುವುದಿಲ್ಲ, ಬರೀ ಆಸರೆ ಪಡೆಯುತ್ತದೆ. ನೀರು ಕೂಡಿಡಲು ಇದಕ್ಕೆ ಗೆಡ್ಡೆಯಂಥದ್ದೇನೂ ಇಲ್ಲ, ಹಾಗಾಗಿ ನಮ್ಮ ಒಣ ಗಾಳಿಗೆ ಬೇಗ ಸೊರಗುತ್ತದೆ.

ಮೊದಲು ಬೇರು ಮುಟ್ಟಿ ನೋಡಿ. ಗಟ್ಟಿಯಾಗಿ ಬೆಳ್ಳಗಿದ್ದರೆ ನೀರು ಸಾಲುತ್ತಿಲ್ಲ ಅಂತ ಅರ್ಥ, ನೆನೆದಾಗ ಅವು ಹಸಿರಾಗಬೇಕು. ಮೆತ್ತಗೆ ಕಂದಾಗಿದ್ದರೆ ಕೊಳೆತಿವೆ, ಕತ್ತರಿಸಿ ತೆಗೆಯಿರಿ. ಆಮೇಲೆ ತೊಗಟೆ ಇರುವ ಮಾವಿನ ಕೊಂಬೆಯ ತುಂಡಿಗೆ, ಬೇರಿನ ಕೆಳಗೆ ಸ್ವಲ್ಪ ಪಾಚಿ (ಮಾಸ್) ಇಟ್ಟು, ಮೆತ್ತಗಿನ ದಾರದಿಂದ ಕಟ್ಟಿ ತೂಗುಹಾಕಿ.

ನೀರಿನ ಬಗ್ಗೆ ಮಾತ್ರ ಜಾಸ್ತಿ ಎಚ್ಚರ ಇರಲಿ. ಬೋರ್‌ವೆಲ್‌ನ ಗಡಸು ನೀರು ಬೇಡ, ಅದರ ಉಪ್ಪು ಬೇರಿನ ಮೇಲೆ ಕೂರುತ್ತದೆ. ಮಳೆನೀರು ಹಿಡಿದಿಟ್ಟುಕೊಳ್ಳಿ, ಇಲ್ಲವೇ ಆರ್‌ಓ ನೀರು ಬಳಸಿ. ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ ತೋಯಿಸಿ, ಸಂಜೆಯೊಳಗೆ ಎಲೆ ಮೇಲಿನ ನೀರು ಆರಿರಲಿ. 40 ಡಿಗ್ರಿ ದಾಟುವ ದಿನಗಳಲ್ಲಿ ಅದು ಹೊರಗಿರಲೇಬಾರದು. ಕೂಲರ್ ಇರುವ ಕೋಣೆಯ ಉತ್ತರದ ಕಿಟಕಿ ಒಳ್ಳೆಯ ಜಾಗ, ಆದರೆ ಕೂಲರ್ ಗಾಳಿ ನೇರ ಬಡಿಯಬಾರದು. ಹೊಸ ಬೇರಿನ ಹಸಿರು ತುದಿ ಕಾಣುವವರೆಗೆ ಗೊಬ್ಬರ ಹಾಕಬೇಡಿ.