ಎರಡನೇ ಶನಿವಾರದ ಹೊಟ್ಟೆನೋವು

ಮಕ್ಕಳಿಗೆ ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಬರುವುದು ಹೊಸತೇನಲ್ಲ. ಹೋಮ್‌ವರ್ಕ್, ಪರೀಕ್ಷೆ, ಯಾವುದೋ ಟೀಚರ್ ಭಯ. ಕಾರಣ ಹುಡುಕಲು ಜಾಸ್ತಿ ದೂರ ಹೋಗಬೇಕಿಲ್ಲ. ಆದರೆ ಜೂನ್ ತಿಂಗಳ ಮಳೆಯಲ್ಲಿ ನೆನೆದುಕೊಂಡು ನನ್ನ ಬಳಿ ಕೌನ್ಸೆಲಿಂಗಿಗೆ ಬಂದ ಒಂಬತ್ತನೇ ತರಗತಿಯ ಈ ಹುಡುಗಿಗೆ ನೋವು ಬರುತ್ತಿದ್ದುದು ಶನಿವಾರ ಮಧ್ಯಾಹ್ನ. ಅದೂ ಅರ್ಧ ದಿನದ ಶಾಲೆ ಮುಗಿಸಿ, ಮನೆಯ ಹತ್ತಿರ ಬಸ್ಸಿನಿಂದ ಇಳಿಯುವ ಹೊತ್ತಿಗೆ.

ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಹೆಸರು ಬಿಟ್ಟಿದ್ದೇನೆ, ಕೆಲವು ವಿವರ ಬದಲಿಸಿದ್ದೇನೆ.

ಉಡುಪಿ ಪೇಟೆಯಿಂದ ಸ್ವಲ್ಪ ಆಚೆ ಅವರ ಮನೆ. ತಂದೆಗೆ 44 ವರ್ಷ, ಬ್ಯಾಂಕ್ ಕೆಲಸ. ತಾಯಿ ಟೀಚರ್. ಹುಡುಗಿ, ಅವಳ 10 ವರ್ಷದ ತಮ್ಮ, ಮತ್ತೆ ತಂದೆಯ ಅಮ್ಮ. ಮಕ್ಕಳ ಡಾಕ್ಟರು ನೋಡಿ, ದೇಹದಲ್ಲಿ ತೊಂದರೆ ಇಲ್ಲ ಎಂದ ಮೇಲೇ ನನ್ನ ಹತ್ತಿರ ಬಂದದ್ದು. ಕ್ರಮ ಅದೇ ಸರಿ. ತೂಕ ಇಳಿಯುವುದು, ಮಲದಲ್ಲಿ ರಕ್ತ, ಪದೇ ಪದೇ ವಾಂತಿ, ಬಿಡದ ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವಂಥ ನೋವು ಇದ್ದರೆ ಮೊದಲು ಡಾಕ್ಟರ ಬಳಿಗೇ ಹೋಗಬೇಕು. ಇನ್ನು, ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಮಗು ನಾಟಕ ಮಾಡುತ್ತಿದೆ ಎಂದೇನಲ್ಲ. ಮಿದುಳಿಗೂ ಹೊಟ್ಟೆಗೂ ನರಗಳ ಸಂಪರ್ಕ ಇದೆ. ಮಂಡೆಬಿಸಿ ಆದರೆ ಹೊಟ್ಟೆಗೂ ಸುದ್ದಿ ಮುಟ್ಟುತ್ತದೆ. ನೋವು ನಿಜವೇ.

ತಾಯಿ ಅಡುಗೆಮನೆಯ ಕ್ಯಾಲೆಂಡರನ್ನೇ ಮಡಚಿ ತಂದಿದ್ದರು. ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಕುಗಳ ನಡುವೆ ಮಗಳ ನೋವಿನ ದಿನಕ್ಕೆ ಕೆಂಪು ಚುಕ್ಕೆ. ಚುಕ್ಕೆ ಇದ್ದದ್ದು ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ. ಒಂದನೆಯದಕ್ಕೆ ಇಲ್ಲ, ಮೂರನೆಯದಕ್ಕೂ ಇಲ್ಲ. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ರಜೆ ಇರುವುದು ಈ ಎರಡು ಶನಿವಾರ. ಅಂದರೆ ಅಪ್ಪ ಮನೆಯಲ್ಲಿರುವ ಶನಿವಾರ.

ಇಂಥ ಲೆಕ್ಕ ಕಂಡಾಗ ನನ್ನಂಥವರಿಗೆ ಮೊದಲು ಬರುವುದು ಕೆಟ್ಟ ಯೋಚನೆಯೇ. ತಾಯಿಯನ್ನು ಹೊರಗೆ ಕೂರಿಸಿ, ಹುಡುಗಿಯ ಹತ್ತಿರ ನೇರವಾಗಿ ಕೇಳಿದೆ. ಅಪ್ಪ ಹೊಡೆಯುತ್ತಾರಾ, ಬೈಯುತ್ತಾರಾ, ಕುಡಿಯುತ್ತಾರಾ, ನಿನಗೆ ಇಷ್ಟವಿಲ್ಲದ ಹಾಗೆ ಯಾರಾದರೂ ಮುಟ್ಟುತ್ತಾರಾ. ಒಂದೊಂದಕ್ಕೂ ಇಲ್ಲ ಎಂದು ತಲೆಯಾಡಿಸಿದಳು. ಆಮೇಲೆ ಸ್ವಲ್ಪ ಹೊತ್ತು ಕಿಟಕಿ ನೋಡಿ ಹೇಳಿದಳು: "ಅಪ್ಪ ತುಂಬ ಖುಷಿಯಲ್ಲಿ ಇರ್ತಾರೆ ಮೇಡಂ. ಅದೇ ಕಷ್ಟ."

ಕಥೆ ಬಿಚ್ಚಿಕೊಂಡದ್ದು ಅಲ್ಲಿಂದ. 2020ರ ಲಾಕ್‌ಡೌನಿನಲ್ಲಿ ಎಲ್ಲ ಮನೆಗಳ ಹಾಗೆ ಇವರ ಮನೆಯಲ್ಲೂ ಕ್ಯಾರಂ ಬೋರ್ಡು ಅಟ್ಟದಿಂದ ಇಳಿದಿತ್ತು. ಆಗ ಬಹಳ ಚೆನ್ನಾಗಿತ್ತಂತೆ. ಅಜ್ಜಿಯೂ ಆಡುತ್ತಿದ್ದರು, ಸ್ಟ್ರೈಕರ್ ನೆಲಕ್ಕೆ ಬಿದ್ದರೆ ಎಲ್ಲರೂ ನಗುತ್ತಿದ್ದರು. ಲಾಕ್‌ಡೌನ್ ಮುಗಿಯಿತು. ಆಟ ನಿಲ್ಲಬಾರದೆಂದು ತಂದೆ ಒಂದು ಬಿಳಿ ಬೋರ್ಡ್ ತಂದು ಊಟದ ಮೇಜಿನ ಎದುರಿನ ಗೋಡೆಗೆ ಹೊಡೆದರು. ಎರಡು ದಿನ ರಜೆ ಸಿಗುವ ವಾರಕ್ಕೆ 'ಕಪ್' ಎಂದು ಹೆಸರು ಬಂತು. ಕ್ಯಾರಂ, ಷಟ್ಲ್, ಕ್ವಿಜ್‌ಗೆ ಅಂಕ. ಆಮೇಲೆ ಬೇಗ ಏಳುವುದಕ್ಕೆ ಅಂಕ, ಎಷ್ಟು ಹೆಜ್ಜೆ ನಡೆದಿರಿ ಎನ್ನುವುದಕ್ಕೆ ಅಂಕ, ನೀರುದೋಸೆಯನ್ನು ಹರಿಯದೆ ಕಾವಲಿಯಿಂದ ತೆಗೆದರೆ ಅಂಕ. ತಿಂಗಳ ಕೊನೆಗೆ ಒಟ್ಟು ಲೆಕ್ಕ. ಗೆದ್ದವರಿಗೆ ಗಡ್‌ಬಡ್, ಉಳಿದವರಿಗೆ ಒಂದೊಂದು ಸ್ಕೂಪ್.

ಉದ್ದದ ಗ್ಲಾಸಿನಲ್ಲಿ ಹಣ್ಣು, ಜೆಲ್ಲಿ, ಐಸ್‌ಕ್ರೀಮು ಪದರ ಪದರವಾಗಿ ತುಂಬಿಕೊಂಡು ಬರುವ ಗಡ್‌ಬಡ್ಡನ್ನು ಎದುರಿನವರು ತಿನ್ನುವಾಗ, ನಾವು ಒಂದು ಸ್ಕೂಪ್ ಇಟ್ಟುಕೊಂಡು ಕೂರುವುದು ಹೇಗಿರುತ್ತದೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಹುಡುಗಿ ಸತತ ಏಳು ತಿಂಗಳು ಸ್ಕೂಪ್ ತಿಂದಿದ್ದಳು. ಮೊದಮೊದಲು ತಮ್ಮ ಕೊನೆಯಲ್ಲಿರುತ್ತಿದ್ದ. ಅವನೂ ಮೇಲೆ ಹೋದ. ಊಟಕ್ಕೆ ಕೂತರೆ ಎದುರಿಗೆ ಬೋರ್ಡು, ಬೋರ್ಡಿನ ಅಡಿಯಲ್ಲಿ ಅವಳ ಹೆಸರು. ಸೋಮವಾರದಿಂದ ಭಾನುವಾರದವರೆಗೂ.

"ಬೇಡ ಅಂತ ಹೇಳಲಿಲ್ವಾ?" ಎಂದೆ.

"ಅವರು ನಮಗೋಸ್ಕರ ಮಾಡುದಲ್ವಾ. ಹೇಗೆ ಹೇಳುದು?"

ಮುಂದಿನ ವಾರ ತಂದೆ ಬಂದರು. ಕೈಯಲ್ಲಿ ಪ್ರಿಂಟ್ ತೆಗೆದ ಟೈಮ್‌ಟೇಬಲ್. ಶನಿವಾರ 2.15ಕ್ಕೆ ಕ್ಯಾರಂ, 4ಕ್ಕೆ ಕ್ವಿಜ್, 5.30ಕ್ಕೆ ಮಣಿಪಾಲದ ಎಂಡ್ ಪಾಯಿಂಟಿಗೆ ವಾಕಿಂಗ್. ಭಾನುವಾರ 6ಕ್ಕೆ ಎದ್ದು ಮಲ್ಪೆ ಬೀಚು. ಮಳೆಗಾಲವಾದ್ದರಿಂದ ಅದಕ್ಕೆ ಗೆರೆ ಎಳೆದು, ವರಾಂಡದಲ್ಲಿ ಸ್ಕಿಪ್ಪಿಂಗ್ ಎಂದು ತಿದ್ದಿದ್ದರು. ಸಿಟ್ಟಿಗಿಂತ ಬೇಜಾರೇ ಜಾಸ್ತಿ ಇತ್ತು ಅವರಿಗೆ. "ಎಲ್ಲರ ಮನೆಯಲ್ಲಿ ಅಪ್ಪಂದಿರು ಮೊಬೈಲ್ ಹಿಡ್ಕೊಂಡು ಬಿದ್ದಿರ್ತಾರೆ ಮೇಡಂ. ನಾನು ಮಕ್ಕಳೊಟ್ಟಿಗೆ ಆಡ್ತೇನೆ. ಇದೂ ತಪ್ಪಾ?"

ತಪ್ಪಲ್ಲ. ಅವರಿಗೆ ಅದನ್ನೇ ಹೇಳಿದೆ. ಆಮೇಲೆ ಒಂದು ತಪ್ಪು ನಾನು ಮಾಡಿದೆ. "ಸ್ವಲ್ಪ ನಿಧಾನ ಮಾಡಿ, ಸುಮ್ನೆ ಕೂರುವುದಕ್ಕೂ ಜಾಗ ಇರಲಿ" ಎಂದು ಹೇಳಿ ಕಳಿಸಿದೆ. ದಿನವಿಡೀ ಲೆಕ್ಕ ನೋಡುವ ಮನುಷ್ಯನಿಗೆ ಇಂಥ ಅಸ್ಪಷ್ಟ ಮಾತು ಹೇಳಬಾರದಿತ್ತು. ಹದಿನೈದು ದಿನ ಬಿಟ್ಟು ಹೊಸ ಟೈಮ್‌ಟೇಬಲ್ ಬಂತು. 4ರಿಂದ 5: ಸುಮ್ಮನೆ ಕೂರುವುದು. ಅಲುಗಾಡದೆ ಕೂತವರಿಗೆ 5 ಅಂಕ.

ನಗು ತಡೆಯಲಿಕ್ಕಾಗಲಿಲ್ಲ. ಅವರೂ ನಕ್ಕರು, ಪುಣ್ಯಕ್ಕೆ. ನಗುತ್ತಾ ಇದ್ದವರಿಗೆ, ನೀವು ಚಿಕ್ಕವರಿರುವಾಗ ಭಾನುವಾರ ಹೇಗಿರುತ್ತಿತ್ತು ಎಂದು ಕೇಳಿದೆ.

ಅವರ ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಹದಿನೈದು ದಿನ ಊರಿಗೆ. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ. ಅದಕ್ಕೆ ಮೊದಲು ನಮ್ಮವರಿಗೆ ಬೊಂಬಾಯಿ ಎಂದರೆ ಬಸ್ಸೇ. ಆ ಹದಿನೈದರಲ್ಲಿ ಬಂದು ಹೋಗುವ ಸುಸ್ತಿಗೇ ಎರಡು ದಿನ ಹೋಗುತ್ತಿತ್ತು. ಉಳಿದ ದಿನಗಳಲ್ಲಿ ಅಪ್ಪನ ಜೊತೆ ಮಾಡಬೇಕಾದ್ದನ್ನು ಈ ಹುಡುಗ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಡುತ್ತಿದ್ದ. ಗಾಳಿಪಟ, ಈಜು, ಒಂದು ದಿನ ಸಮುದ್ರ, ಒಂದು ದಿನ ಯಕ್ಷಗಾನ. ಮಾಡಿದ್ದಕ್ಕೆ ಗೀಟು ಹಾಕುವುದು. ಅಪ್ಪ ಬಸ್ಸು ಹತ್ತುವ ದಿನವೂ ಕೆಲವು ಗೀಟು ಹಾಕದೆ ಉಳಿದಿರುತ್ತಿದ್ದವು.

ಹೇಳುತ್ತಾ ಹೇಳುತ್ತಾ ಅವರೇ ನಿಲ್ಲಿಸಿದರು. ನಾನೂ ಮಾತಾಡಲಿಲ್ಲ. ಹೊರಗೆ ಮಳೆ ಜೋರಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ, "ನಿಮ್ಮ ಮಕ್ಕಳ ಅಪ್ಪ ದಿನಾ ಸಂಜೆ ಏಳಕ್ಕೆ ಮನೆಗೆ ಬರ್ತಾರೆ ಅಲ್ವಾ?" ಎಂದೆ.

"ಬರ್ತಾರೆ," ಎಂದರು. ನಾನು ಕೊಟ್ಟ ಸಲಹೆಗಳಿಗಿಂತ ಈ ಒಂದು ಮಾತು ಜಾಸ್ತಿ ಕೆಲಸ ಮಾಡಿತೆಂದು ನನ್ನ ಅಂದಾಜು. ಆದರೂ ಸಲಹೆ ಕೊಡದೆ ಬಿಡಲಿಲ್ಲ.

ಮೊದಲನೆಯದು ಬೋರ್ಡಿನ ಬಗ್ಗೆ. ಪೈಪೋಟಿ ಇರಲಿ, ಆದರೆ ಆಟ ಮುಗಿದ ಕೂಡಲೇ ಲೆಕ್ಕವೂ ಮುಗಿಯಬೇಕು. ಬಾಕಿ ಮುಂದಿನ ವಾರಕ್ಕೆ ಹೋಗಬಾರದು. ಬ್ಯಾಂಕಿನ ಭಾಷೆಯಲ್ಲಿ ಹೇಳಿದರೆ, ಓಪನಿಂಗ್ ಬ್ಯಾಲೆನ್ಸ್ ಯಾವಾಗಲೂ ಸೊನ್ನೆ. ಇದಕ್ಕೆ ಉದಾಹರಣೆ ಅವರ ಮನೆಯಲ್ಲೇ ಇತ್ತು: ಅಜ್ಜಿಯ ಚೆನ್ನೆಮಣೆ, ಅಂದರೆ ಅಳಗುಳಿಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಯಿ, ಒಟ್ಟು 56. ಆಟಿ ಎಂಬ ತುಳು ತಿಂಗಳ (ಜುಲೈ–ಆಗಸ್ಟ್) ಮಳೆಗೆ ಅದು ಹೊರಗೆ ಬರುತ್ತದೆ, ಆಟಿ ಕಳೆದರೆ ಅಟ್ಟಕ್ಕೆ ಹೋಗುತ್ತದೆ. ಅಕ್ಕ ತಂಗಿ ಎದುರುಬದುರು ಕೂತು ಚೆನ್ನೆ ಆಡಬಾರದು ಎನ್ನುವ ನಂಬಿಕೆಯೂ ತುಳುನಾಡಿನಲ್ಲಿ ಇದೆ. ಸಿರಿ ಪಾಡ್ದನ ಎಂಬ ತುಳು ಜನಪದ ಹಾಡಿನ ಅವಳಿಗಳಾದ ಅಬ್ಬಗ ದಾರಗರು ಚೆನ್ನೆ ಆಡುತ್ತಲೇ ಜಗಳಕ್ಕೆ ಬಿದ್ದು, ಒಬ್ಬಳು ಇನ್ನೊಬ್ಬಳಿಗೆ ಮಣೆಯಲ್ಲೇ ಹೊಡೆದು, ಇಬ್ಬರೂ ಉಳಿಯದೆ ಹೋದ ಕಥೆ ಅಜ್ಜಿಗೆ ಬಾಯಿಪಾಠ. ಒಡಹುಟ್ಟಿದವರ ಪೈಪೋಟಿ ಎಲ್ಲಿಗೆ ಮುಟ್ಟಬಹುದೆಂದು ಪಾಡ್ದನ ಕಟ್ಟಿದವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಅಂಕದ ವಿಷಯದಲ್ಲಿ ತಂದೆ ಸುಲಭವಾಗಿ ಒಪ್ಪಲಿಲ್ಲ. ಅಂಕ ಇಲ್ಲದಿದ್ದರೆ ಮಕ್ಕಳು ಏಳುವುದೇ ಇಲ್ಲ ಎಂದರು. ಆಗ 1973ರಲ್ಲಿ ಪ್ರಕಟವಾದ ಒಂದು ಪ್ರಯೋಗದ ಬಗ್ಗೆ ಹೇಳಿದೆ. ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮೂವರು ಮನಃಶಾಸ್ತ್ರಜ್ಞರು ಅಮೆರಿಕದ ಒಂದು ನರ್ಸರಿಯಲ್ಲಿ, ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ, ಬಿಡಿಸಿದರೆ ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡುತ್ತೇವೆ ಎಂದು ಮೊದಲೇ ಹೇಳಿದರು, ಕೊಟ್ಟರು. ಒಂದೆರಡು ವಾರ ಬಿಟ್ಟು ಸುಮ್ಮನೆ ಆಡುವ ಹೊತ್ತಿನಲ್ಲಿ ನೋಡಿದರೆ, ಆ ಮಕ್ಕಳು ಚಿತ್ರದ ಮೇಜಿನಲ್ಲಿ ಕಳೆದ ಸಮಯ ಉಳಿದವರ ಅರ್ಧದಷ್ಟು. ಬಹುಮಾನದ ಆಸೆಗೆ ಮಾಡಿದ್ದು ಬಹುಮಾನ ಇಲ್ಲದಾಗ ಬೇಡವಾಯಿತು. ತಂದೆ ಕೇಳಿ ಸುಮ್ಮನಾದರು. ತಾಯಿ ಪಕ್ಕದಿಂದ, "ಇವನು ಮೊದಲು ಅಜ್ಜಿಯೊಟ್ಟಿಗೆ ದೋಸೆ ಮಾಡ್ಲಿಕ್ಕೆ ಓಡಿ ಬರ್ತಿದ್ದ. ಈಗ ಎಷ್ಟು ಪಾಯಿಂಟ್ ಅಂತ ಕೇಳ್ತಾನೆ," ಎಂದರು.

ಆ ತಾಯಿಯ ವಿಷಯ ನಾನು ಮೂರನೇ ಸಲ ಭೇಟಿಯಾಗುವವರೆಗೂ ಸರಿಯಾಗಿ ಗಮನಿಸಿರಲಿಲ್ಲ. ಬೋರ್ಡಿನಲ್ಲಿ ಅವರ ಹೆಸರೇ ಇರಲಿಲ್ಲ. ಯಾಕೆಂದರೆ ಆಟ ನಡೆಯುವಾಗ ಅವರು ಅಡುಗೆಮನೆಯಲ್ಲಿ. ಭಾನುವಾರ ಕೋಳಿ ಪದಾರ್ಥ ಆಗಬೇಕು, ರೊಟ್ಟಿ ತರಿಸಬೇಕು, ಸಂಜೆ ಕ್ವಿಜ್ ಮುಗಿಯುವಾಗ ಗೋಳಿಬಜೆ ಬಿಸಿ ಬಿಸಿ ಬರಬೇಕು. ಎಲ್ಲರ ವಾರಾಂತ್ಯ ಇವರ ಸೊಂಟದ ಮೇಲೆ ನಿಂತಿತ್ತು. ನಿಮಗೆ ಎಂತ ಬೇಕು ಎಂದು ಕೇಳಿದಾಗ ಯೋಚಿಸಲೇ ಇಲ್ಲ: "ಒಂದು ಭಾನುವಾರ ಎಂಟು ಗಂಟೆವರೆಗೆ ಮಳೆ ಶಬ್ದ ಕೇಳ್ತಾ ಮಲಗ್ಬೇಕು. ಯಾರೂ ಕರಿಬಾರ್ದು."

ಹಾಗಾಗಿ ಎರಡನೇ ಸಲಹೆ ತಂದೆಗೆ, ಕೆಲಸದ ರೂಪದಲ್ಲೇ ಕೊಟ್ಟೆ. ಭಾನುವಾರ ಬೆಳಗಿನ ತಿಂಡಿ ಅವರದ್ದು. ಮಾಡಲಿಕ್ಕೆ ಬರದಿದ್ದರೆ ಹೋಟೆಲಿನಿಂದ ಬನ್ಸ್ ತರಲಿ. ಪಾತ್ರೆ ತೊಳೆಯುವುದೂ ಸೇರಿ. ವಾರಾಂತ್ಯದಲ್ಲಿ ಒಂದು ಅರ್ಧ ದಿನ ಯಾರ ಪ್ಲಾನೂ ಇರಬಾರದು, ಮಕ್ಕಳು ಬೋರ್ ಎಂದು ಬಂದರೂ ಅರ್ಧ ಗಂಟೆ ಉತ್ತರ ಹುಡುಕಿಕೊಡಬಾರದು. ಬೋರ್ ಆದ ಮಕ್ಕಳು ಸಾಮಾನ್ಯವಾಗಿ ತಾವೇ ಏನಾದರೂ ಕಂಡುಕೊಳ್ಳುತ್ತಾರೆ. ಕಂಡುಕೊಳ್ಳದಿದ್ದರೂ ಮುಳುಗುವಂಥದ್ದೇನಿಲ್ಲ. ಮತ್ತೆ, "ನಾನಿವತ್ತು ಇಲ್ಲ" ಎಂದು ಯಾರಾದರೂ ಹೇಳಿದರೆ ಕಾರಣ ಕೇಳುವಂತಿಲ್ಲ. ಹುಡುಗಿಗೆ ಈ ವಾಕ್ಯವನ್ನು ನನ್ನ ಕೋಣೆಯಲ್ಲೇ ನಾಲ್ಕೈದು ಸಲ ಹೇಳಿಸಿದೆ. ಮೊದಲ ಸಲ ಹೇಳುವಾಗ ಅವಳ ದನಿ ಹೊರಗೇ ಬರಲಿಲ್ಲ.

ಕ್ಯಾರಂ ಆಡುವಾಗ ತಂದೆ ಎಡಗೈಯಲ್ಲಿ ಹೊಡೆಯಬೇಕು ಎಂದೂ ಸೂಚಿಸಿದೆ. ಬೇಕೆಂದೇ ಸೋಲುವುದು ಬೇಡ, ಮಕ್ಕಳಿಗೆ ಅದು ಕೂಡಲೇ ಗೊತ್ತಾಗುತ್ತದೆ, ಅವಮಾನವೂ ಆಗುತ್ತದೆ. ಎಲ್ಲರೂ ನೋಡುವ ಹಾಗೆ ಕೈ ಬದಲಿಸಿದರೆ ಅದು ಆಟದ ನಿಯಮ. ಜೋಡಿಯನ್ನು ಚೀಟಿ ಎತ್ತಿ ಮಾಡಿ, ಪ್ರತಿ ಸಲ ಬದಲಾಗಲಿ. ಅಜ್ಜಿ ಮೊಮ್ಮಗಳು ಒಂದು ಕಡೆ ಬಂದ ದಿನ ಮನೆಯಲ್ಲಿ ಏನಾಯಿತೆಂದು ನನಗೆ ಮೂವರು ಬೇರೆ ಬೇರೆಯಾಗಿ ವಿವರಿಸಿದರು. ಅಜ್ಜಿ ಹೊಡೆದ ರೆಡ್, ಕವರ್ ಸಮೇತ ಬಿತ್ತಂತೆ.

ಇಷ್ಟೆಲ್ಲ ಹೇಳುವಾಗ ತಮ್ಮನನ್ನು ನಾನು ಮರೆತಿದ್ದೆ. ಬೋರ್ಡ್ ಒರೆಸಿದ ದಿನ ಅವನು ಅತ್ತನಂತೆ. ಆ ತಿಂಗಳು ಅವನೇ ಮುಂದಿದ್ದ. ಅವನಿಗೆ ಕಪ್ ನಿಜವಾಗಿಯೂ ಇಷ್ಟ, ಅಪ್ಪನ ಹಾಗೆ. ಒಬ್ಬರ ಹೊಟ್ಟೆನೋವು ಕಳೆಯಲು ಇನ್ನೊಬ್ಬರ ಖುಷಿ ಕಿತ್ತುಕೊಂಡರೆ ಅದೂ ಸರಿಯಲ್ಲ. ಅಪ್ಪ ಮಗ ಇಬ್ಬರೇ ಹದಿನೈದು ದಿನಕ್ಕೊಮ್ಮೆ ಬಲಗೈಯಲ್ಲೇ ಪೂರ್ತಿ ಆಟ ಆಡಲಿ, ಲೆಕ್ಕ ಅವರಿಬ್ಬರ ಪುಸ್ತಕದಲ್ಲಿ ಇರಲಿ, ಗೋಡೆಯ ಮೇಲೆ ಬೇಡ ಎಂದು ತೀರ್ಮಾನವಾಯಿತು. ಗಡ್‌ಬಡ್ ಮಾತ್ರ ಎಲ್ಲರಿಗೂ. ಇದರಲ್ಲಿ ನಾನು ಚೌಕಾಶಿಗೆ ಒಪ್ಪಲಿಲ್ಲ.

ಆಗಸ್ಟ್ ಕೊನೆಯಲ್ಲಿ ತಾಯಿ ಒಬ್ಬರೇ ಬಂದರು. ಅಷ್ಟರಲ್ಲಿ ನಾಲ್ಕು ರಜೆಯ ಶನಿವಾರ ಕಳೆದಿತ್ತು. ಕ್ಯಾಲೆಂಡರ್ ಬಿಚ್ಚಿದರೆ ಒಂದೇ ಕೆಂಪು ಚುಕ್ಕೆ, ಅದೂ ಎರಡನೇ ಶನಿವಾರ. ನನಗೆ ಸ್ವಲ್ಪ ಆತಂಕವಾಯಿತು.

"ಅದು ಆ ನೋವಲ್ಲ ಮೇಡಂ. ಅತ್ತೆ ಹಲಸಿನ ಹಣ್ಣಿನ ಗಟ್ಟಿ ಮಾಡಿದ್ರು, ಕೊನೇ ಹಣ್ಣು ಅಂತ. ಇವಳು ಆರು ತಿಂದಿದ್ದಾಳೆ. ತಮ್ಮ ನಾಲ್ಕು."

"ಲೆಕ್ಕ ಇಡುವುದು ಬಿಟ್ಟಿದ್ದೀರಿ ಅಂದ್ರಲ್ಲ. ಆರು ಅಂತ ಹೇಗೆ ಗೊತ್ತಾಯ್ತು?"

"ಅವರ ಅಪ್ಪ," ಎಂದು ಹೇಳಿ ಬಾಯಿಗೆ ಸೆರಗು ಹಿಡಿದು ನಕ್ಕರು.