ಕಪಿಲ್ ದೇವ್ ಅವರನ್ನು ತಂಡದಿಂದ ಕೈಬಿಟ್ಟಿದ್ದು ಗಾವಸ್ಕರ್ ಅಲ್ವಾ?

ಹುಬ್ಬಳ್ಳಿಯ ನೆಹರೂ ಮೈದಾನದ ಹತ್ತಿರ ಚಹಾ ಕುಡಿಯುತ್ತ ಹಿರಿಯರು ಇವತ್ತಿಗೂ ಹಾಗೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ.

1984ರ ಡಿಸೆಂಬರ್, ಇಂಗ್ಲೆಂಡ್ ವಿರುದ್ಧ ದೆಹಲಿ ಟೆಸ್ಟ್. ಡ್ರಾ ಮಾಡಿಕೊಳ್ಳಬಹುದಾಗಿದ್ದ ಪಂದ್ಯ. ಕಪಿಲ್ ಬಂದವರೇ ಇಂಗ್ಲೆಂಡಿನ ಸ್ಪಿನ್ನರ್ ಪೋಕಾಕ್‌ಗೆ ಸಿಕ್ಸರ್ ಎತ್ತಿದರು. ಮತ್ತೊಂದು ದೊಡ್ಡ ಹೊಡೆತಕ್ಕೆ ಕೈಹಾಕಿ 7 ರನ್ನಿಗೆ ಲ್ಯಾಂಬ್‌ಗೆ ಕ್ಯಾಚ್ ಕೊಟ್ಟರು. ಭಾರತ 8 ವಿಕೆಟ್‌ಗಳಿಂದ ಸೋತಿತು. ಬೇಜವಾಬ್ದಾರಿ ಆಟ ಅಂತ ಮುಂದಿನ ಕೋಲ್ಕತ್ತಾ ಟೆಸ್ಟ್‌ಗೆ ಕಪಿಲ್, ಸಂದೀಪ್ ಪಾಟೀಲ್ ಇಬ್ಬರನ್ನೂ ಬಿಟ್ಟರು. ಈಡನ್‌ನಲ್ಲಿ ಜನ ಸಿಟ್ಟೆಲ್ಲ ನಾಯಕ ಗಾವಸ್ಕರ್ ಮೇಲೆ ತೀರಿಸಿಕೊಂಡರು. ಹಣ್ಣು ಎಸೆದರು.

ಆದರೆ ಆಯ್ಕೆ ಸಭೆಯಲ್ಲಿ ನಾಯಕನ ಮಾತು ಕೇಳುತ್ತಾರೆ, ಅವನಿಗೆ ಮತ ಇರುವುದಿಲ್ಲ. ಮತ ಆಯ್ಕೆಗಾರರದ್ದು. ನಮ್ಮ ಗದಗಿನ ಸುನಿಲ್ ಜೋಶಿ 2020ರಲ್ಲಿ ಕೂತಿದ್ದು ಅದೇ ಸಮಿತಿಯ ಅಧ್ಯಕ್ಷರ ಕುರ್ಚಿಯಲ್ಲಿ. ಕಪಿಲ್ ಅವರನ್ನು ಬಿಟ್ಟಿದ್ದು ಆಯ್ಕೆಗಾರರ ತೀರ್ಮಾನ ಅಂತ ಗಾವಸ್ಕರ್ ಕೂಡ ಹೇಳಿದ್ದಾರೆ. ಇಬ್ಬರ ನಡುವೆ ಮನಸ್ತಾಪ ಇದೆ ಅನ್ನುವ ಸುದ್ದಿ ಆಗ ಜೋರಾಗಿತ್ತು, ಹಾಗಾಗಿ ಜನ ಸುಲಭವಾಗಿ ನಂಬಿಬಿಟ್ಟರು.

ಕಪಿಲ್ ಮುಂದಿನ ಮದ್ರಾಸ್ ಟೆಸ್ಟ್‌ಗೇ ವಾಪಸ್ ಬಂದರು. 131 ಟೆಸ್ಟ್‌ಗಳ ಆಟದಲ್ಲಿ ಅವರಿಗೆ ತಪ್ಪಿದ್ದು ಆ ಕೋಲ್ಕತ್ತಾ ಟೆಸ್ಟ್ ಒಂದೇ, ಅದೂ ಗಾಯದಿಂದಲ್ಲ! ಆ ಟೆಸ್ಟ್‌ನಲ್ಲೇ ಅಜರುದ್ದೀನ್ ಮೊದಲ ಬಾರಿ ಆಡಿ 110 ಹೊಡೆದರು. ನನಗೆ ಜಾಸ್ತಿ ನೋವಾಗುವುದು ಪಾಟೀಲ್ ಬಗ್ಗೆ. ಅವರು ಮತ್ತೆಂದೂ ಟೆಸ್ಟ್ ಆಡಲಿಲ್ಲ.